ಮೀನಿನ ಕಾಟಾದ ಮೇಲೆ ಕ್ವಾಡ್ ಬೈಕು: ಕಾರವಾರದ ಒಂದು ಗ್ಯಾರೇಜಿನ ಅನುಭವ

ಮೊದ್ಲೇ ಹೇಳ್ಬಿಡ್ತೀನಿ, ಗ್ಯಾರೇಜಿನ ಹೆಸರು ಹಾಕಲ್ಲ. ಯಜಮಾನ್ರೇ ಬೇಡ ಅಂದಿದಾರೆ, ಇರೋ ಬೋಟ್ ಎಂಜಿನ್ ಕೆಲ್ಸನೇ ಮುಗೀತಿಲ್ಲ ಮತ್ತೆ ನಾಕು ಜನ ಕ್ವಾಡ್ ತಗೊಂಡು ಬಂದ್ರೆ ಎಲ್ಲಿಡೂದು ಅಂತ. ಕೋಡಿಬಾಗ ಕಡೆ ಒಳರಸ್ತೇಲಿ ಒಂದು ತಗಡಿನ ಶೆಡ್ಡು, ಬೋರ್ಡೂ ಇಲ್ಲ, ಹೊರಗೆ ಎರಡು ಔಟ್‌ಬೋರ್ಡ್ ಮೋಟರ್ ನೇತಾಡ್ತಿರ್ತವೆ, ಅಷ್ಟೇ ಗುರುತು. ಆರು ತಿಂಗಳು ಅಲ್ಲಿಗೆ ಓಡಾಡಿದೀನಿ, ಹೊಗಳೋದೂ ಇದೆ ಬೈಯೋದೂ ಇದೆ.

ಗಾಡಿ ಯಮಹಾ ರಾಪ್ಟರ್ 700, ನಾಕು ಚಕ್ರದ ಕ್ವಾಡ್ ಬೈಕು. 686 ಸಿಸಿ, ಒಂದೇ ಸಿಲಿಂಡರ್, ಫ್ಯೂಯಲ್ ಇಂಜೆಕ್ಷನ್. ನಾನು ಮತ್ತೆ ಭಾವ ಸೇರಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅದಕ್ಕೂ ಮೊದ್ಲು ಅದು ಬೀಚಲ್ಲಿ ಟೂರಿಸ್ಟರನ್ನ ಹೊತ್ಕೊಂಡು ಉಪ್ಪುನೀರು ಕುಡಿದಿದ್ದ ಗಾಡಿ. ಭಾವಂಗೆ ಒಂದೇ ಹುಚ್ಚು, ಇದನ್ನ ಡಾಂಬರಿನ ಮೇಲೆ ಡ್ರ್ಯಾಗ್, ಅಂದ್ರೆ ನಿಂತಲ್ಲಿಂದ ನೇರ ದಾರೀಲಿ ಟೈಮಿಗೆ ಓಡೋ ರೇಸು, ಓಡಿಸ್ಬೇಕು ಅಂತ. ಡಾಂಬರು ಅಂದ್ರೆ ಹೈವೇ ಅಲ್ಲ ಮತ್ತೆ, ಈ ಗಾಡಿನ ನಮ್ಮಲ್ಲಿ ರಸ್ತೆಗೆ ರಿಜಿಸ್ಟರೇ ಮಾಡ್ಸೋಕಾಗಲ್ಲ, ಪಿಕಪ್‌ನಲ್ಲಿ ಹೇರ್ಕೊಂಡು ಹೋಗಿ ಹೇರ್ಕೊಂಡೇ ಬರೋದು. ಪರಿಚಯದವರದ್ದು ಗೇಟ್ ಇರೋ ಖಾಸಗಿ ಜಾಗ, ಒಳಗೆ ನೇರ ರಸ್ತೆ, ಪರ್ಮಿಶನ್ ತಗೊಂಡು ಭಾನುವಾರ ಮಾತ್ರ. ಅಲ್ಲಿ 201 ಮೀಟರ್, ಅಂದ್ರೆ ಒಂದು ಮೈಲಿಯ ಎಂಟನೇ ಒಂದು ಭಾಗ ಓಡಿ ಬ್ರೇಕ್ ಹಾಕೋಕೆ ಜಾಗ ಸಿಗುತ್ತೆ, 402 ಮೀಟರಿಗೆ ಆಗಲ್ಲ.

ನಾವು ಹೋಗಿದ್ದು ಎಂಜಿನ್ ಕೆಲ್ಸಕ್ಕೆ. ಭಾವ ಒಂದು ಲಿಸ್ಟೇ ಮಾಡಿದ್ರು, ಹೈ ಕಂಪ್ರೆಷನ್ ಪಿಸ್ಟನ್, ಕ್ಯಾಮು, ಅದೂ ಇದೂ. ಯಜಮಾನ್ರು, ನಾವೆಲ್ಲ ಮಾಮ ಅಂತನೇ ಕರಿಯೋದು, ಲಿಸ್ಟ್ ಪೂರ್ತಿ ಓದಿ ಮಡ್ಚಿ ಕಿಸೇಲಿ ಇಟ್ಕೊಂಡ್ರು. "ತಮಾ, ಎಂಜಿನ್ ಬಿಚ್ಚೂದು ಆಮೇಲೆ. ಇದು ಸೀದಾ ಹೋಗ್ತದಾ ಇಲ್ವಾ ಅದ್ನ ಮೊದ್ಲು ನೋಡ್ವಾ" ಅಂದ್ರು. ನಂಗೆ ಆವಾಗ ಸಿಟ್ಟೇ ಬಂದಿತ್ತು, ದುಡ್ಡು ಕೊಡ್ತೀವಿ ಅಂದ್ರೂ ಬೇಡ ಅನ್ನೋ ಮೆಕ್ಯಾನಿಕ್ ಎಂತಕ್ಕೆ ಅಂತ.

ಮೊದಲನೇ ಕೆಲ್ಸ ಆಯಿಲ್. ನಮ್ಮ ಗಾಡಿ 3ನೇ ಗೇರಲ್ಲಿ ಫುಲ್ ಕೊಟ್ರೆ ಎಂಜಿನ್ ಕೂಗ್ತಿತ್ತು ಗಾಡಿ ಎಳೀತಿರ್ಲಿಲ್ಲ, ನಾವು ಕ್ಲಚ್ ಪ್ಲೇಟ್ ಹೋಗಿದೆ ಅಂತ ಹೊಸ ಸೆಟ್ಟಿಗೆ ಆರ್ಡರ್ ಹಾಕೋದ್ರಲ್ಲಿದ್ವಿ. ಮಾಮ ಹಳೇ ಓನರಿಗೆ ಫೋನ್ ಮಾಡ್ಸಿ ಯಾವ ಆಯಿಲ್ ಹಾಕಿದ್ರಿ ಅಂತ ಕೇಳಿದ್ರೆ ಕಾರಿಂದು ಅಂದ! ಈ ಗಾಡೀಲಿ ಕ್ಲಚ್ ಆಯಿಲ್ ಒಳಗೇ ಮುಳುಗಿರುತ್ತೆ, ಕಾರಿನ ಎಷ್ಟೋ ಆಯಿಲಲ್ಲಿ ಘರ್ಷಣೆ ಕಮ್ಮಿ ಮಾಡೋ ಕೆಮಿಕಲ್ ಇರುತ್ತೆ, ಅದು ಪ್ಲೇಟಿಗೆ ಕೂತ್ರೆ ಕ್ಲಚ್ ಹಿಡಿಯೋದಾದ್ರೂ ಹೆಂಗೆ. ಡಬ್ಬಿ ಮೇಲೆ ಜಾಸೋ ಎಂಎ ಅಂತ ಇರೋ ಬೈಕ್ ಆಯಿಲ್ ಹಾಕಿ, ಎರಡು ಸಲ ಬದಲಾಯಿಸಿ ಓಡ್ಸಿದ್ಮೇಲೆ ಅರ್ಧಕ್ಕರ್ಧ ಸ್ಲಿಪ್ ಹೋಯ್ತು. ಉಳಿದಿದ್ದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದ್ರು. ಲಿವರ್ ಈಗ ಕಲ್ಲು, ನಾಕು ರನ್ ಹೊಡೆದ್ರೆ ಎಡಗೈ ಮೇಲೆ ಎತ್ತೋಕಾಗಲ್ಲ, ಆದ್ರೆ ಪ್ಲೇಟ್ ಸೆಟ್ಟಿನ ದುಡ್ಡು ಉಳೀತು.

ಆಮೇಲೆ ನಂಗೆ ಮರೆಯೋಕಾಗದೇ ಇರೋ ದಿನ. ಬಂದರಿನ ಪರಿಚಯದವರ ಹತ್ರ ಮೀನು ತೂಗೋ ಕಾಟಾ ತಂದಿದ್ರು, ತೊಳ್ದಿದ್ರೂ ಬಂಗ್ಡೆ ವಾಸನೆ ಹೋಗಿರ್ಲಿಲ್ಲ. ಒಂದು ಚಕ್ರ ಕಾಟಾದ ಮೇಲೆ, ಉಳಿದ ಮೂರರ ಅಡಿಗೆ ಅಷ್ಟೇ ಎತ್ತರದ ಹಲಗೆ, ಮೇಲೆ ಭಾವ ಹೆಲ್ಮೆಟ್ ಜಾಕೆಟ್ ಸಮೇತ ಸ್ಟಾರ್ಟಿಗೆ ಕೂತಂಗೇ ಕೂರ್ಬೇಕು, ಉಸ್ರು ಬಿಡೋ ಹಂಗಿಲ್ಲ. ಒಂದೊಂದೇ ಚಕ್ರ ಹಂಗೆ ತೂಗಿದ್ರೆ ಮುಂದಿನ ಎಡ ಚಕ್ರದ ಮೇಲೆ ಬಲಕ್ಕಿಂತ 6 ಕೆಜಿ ಕಮ್ಮಿ ಭಾರ. ಎಡ ಶಾಕಿನ ರಿಂಗನ್ನ ಒಂದು ಸುತ್ತು ಬಿಗಿ ಮಾಡಿ ಮತ್ತೆ ತೂಗು, ಮತ್ತೆ ಕಾಲು ಸುತ್ತು, ಮತ್ತೆ ತೂಗು. ಮಧ್ಯಾಹ್ನ ಪೂರ್ತಿ ಇದೇ ಆಯ್ತು.

ಅದೇ ದಿನ ಹಿಂದಿನ ಟೈರು. ಬೀಚಿನ ಬಟನ್ ಟೈರ್ ತೆಗ್ದು 18 ಇಂಚಿನ ಸ್ಲಿಕ್, ಅಂದ್ರೆ ಗೀರಿಲ್ಲದ ನುಣ್ಣನೆ ಟೈರ್, ಹಾಕಿದ್ವಿ. ಇದ್ರಲ್ಲಿ ಹಿಂದಿನ ಆಕ್ಸಲ್ ಒಂದೇ ಗಟ್ಟಿ ರಾಡು, ಕಾರಿನ ಥರ ಡಿಫರೆನ್ಶಿಯಲ್ ಇಲ್ಲ, ಎರಡೂ ಚಕ್ರ ಒಟ್ಟಿಗೇ ತಿರುಗ್ಬೇಕು. ಹಂಗಾಗಿ ಒಂದು ಟೈರು ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಿದ್ರೂ ಗಾಡಿ ಸಣ್ಣ ಟೈರಿನ ಕಡೆ ಎಳೀತಾನೇ ಇರುತ್ತೆ. ಮಾಮ ಟೈರಿಗೆ ಚಾಕ್‌ಪೀಸಲ್ಲಿ ಗೆರೆ ಎಳ್ದು, ಭಾವನ್ನ ಕೂರ್ಸಿ, ಒಂದು ಸುತ್ತು ತಳ್ಳಿ ನೆಲದ ಮೇಲೆ ಬಿದ್ದ ಗುರುತನ್ನ ಟೇಪಲ್ಲಿ ಅಳೆದ್ರು. ಮತ್ತೊಂದು ಕಡೆನೂ ಹಂಗೇ. 13 ಮಿಮೀ ವ್ಯತ್ಯಾಸ! ಒಂದೇ ಕಂಪನಿ, ಒಂದೇ ಸೈಜು, ಒಂದೇ ದಿನ ಬಂದ ಜೋಡಿ. ದೊಡ್ಡದ್ರಲ್ಲಿ ಗಾಳಿ ಅರ್ಧ ಪಿಎಸ್‌ಐ ಇಳ್ಸಿ, ಸಣ್ಣದಕ್ಕೆ ಅರ್ಧ ಏರ್ಸಿ, 3 ಮಿಮೀಗೆ ತಂದ್ರು. ಈ ಗಾಡಿ ಟೈರಲ್ಲಿ ಗಾಳಿ ಇರೋದೇ ಒಂದಂಕಿ ಪಿಎಸ್‌ಐ, ಕಾರಿನ ಗೇಜಲ್ಲಿ ಮುಳ್ಳು ಅಲ್ಲಾಡೋದೂ ಕಷ್ಟ, ಅದಕ್ಕೆ ಕಮ್ಮಿ ಪ್ರೆಶರಿನ ಗೇಜೇ ಬೇಕು, ಅದೊಂದನ್ನ ದಯವಿಟ್ಟು ನೀವೇ ತಗೊಂಡಿಟ್ಕೊಳ್ಳಿ.

ಮುಂದಿನ ಚಕ್ರದ ನೇರ ನೋಡೋಕೆ ಟಂಗೂಸ್ ದಾರ. ಅಕ್ಕಪಕ್ಕ ಎರಡು ಸ್ಟ್ಯಾಂಡಿಗೆ ಬಿಗಿಯಾಗಿ ಕಟ್ಟಿ ರಿಮ್ಮಿನ ಮುಂದಿಂದಷ್ಟು ಹಿಂದಿಂದಷ್ಟು ಅಳೆದ್ರೆ ಚಕ್ರಗಳು 8 ಮಿಮೀ ಹೊರಗೆ ನೋಡ್ತಿದ್ವು, ಹ್ಯಾಂಡಲಿಂದ ಚಕ್ರ ತಿರುಗ್ಸೋ ಟೈ ರಾಡ್ ಒಂದು ಸಣ್ಣಗೆ ಬಗ್ಗಿತ್ತು, ಬೀಚಲ್ಲಿ ಯಾವ ಕಲ್ಲಿಗೆ ಕೊಟ್ಟಿದ್ರೋ ಏನೋ. ಹೊಸ ರಾಡ್ ಹಾಕಿ 4 ಮಿಮೀ ಒಳಗೆ ನೋಡೋ ಹಂಗೆ ಮಾಡಿದ್ರು. ಅದಕ್ಕೂ ಮೊದ್ಲು 80 ದಾಟಿದ್ರೆ ಹ್ಯಾಂಡಲ್ಲು ಏಡಿ ಥರ ಆ ಕಡೆ ಈ ಕಡೆ ಹರೀತಿತ್ತು, ನಾವು ಅದನ್ನ ಗಾಳಿ ಅಂತ ತಿಳ್ಕೊಂಡಿದ್ವಿ.

ಹಿಂದಿನ ಸ್ವಿಂಗ್‌ಆರ್ಮ್ ವಿಷ್ಯಕ್ಕೆ ದೊಡ್ಡ ಜಗಳನೇ ಆಯ್ತು, ಅದು ಹಿಂದಿನ ಆಕ್ಸಲನ್ನ ಗಾಡಿಗೆ ಹಿಡಿಯೋ ತೋಳು. ಈ ಗಾಡಿ ವ್ಹೀಲ್‌ಬೇಸ್, ಅಂದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ದೂರ, 1280 ಮಿಮೀ ಅಷ್ಟೇ, ಸ್ಲಿಕ್ಕಿಗೆ ಹಿಡಿತ ಸಿಕ್ಕಿದ್ ಕೂಡ್ಲೇ ಮುಂದಿನದು ಎದ್ದು ನಿಲ್ಲುತ್ತೆ, ಎದ್ರೆ ಥ್ರಾಟಲ್ ಬಿಡ್ಬೇಕು, ಬಿಟ್ರೆ ಟೈಮ್ ಹೋಯ್ತು. ಭಾವಂಗೆ 10 ಇಂಚು ಉದ್ದದ್ದು ಬೇಕು, ಅದೂ ಇದ್ದಿದ್ದನ್ನೇ ಕಟ್ ಮಾಡಿ ವೆಲ್ಡ್ ಹೊಡೀರಿ ಅಂತ. ಮಾಮ ಸುತಾರಾಂ ಒಪ್ಪಲಿಲ್ಲ. ಅಲ್ಯೂಮಿನಿಯಂ ಅದು, ವೆಲ್ಡ್ ಮಾಡಿದ ಜಾಗದಲ್ಲಿ ಹೀಟ್ ಟ್ರೀಟ್‌ಮೆಂಟ್ ಸತ್ತೋಗುತ್ತೆ, 110ರಲ್ಲಿ ಮುರಿದ್ರೆ ನಿನ್ನ ಅಕ್ಕಂಗೆ ನಾ ಎಂತ ಹೇಳ್ಲಿ ಅಂದ್ರು ನನ್ ಕಡೆ ತಿರುಗಿ. ಮತ್ತೆ ಉದ್ದ ಜಾಸ್ತಿ ಆದಷ್ಟೂ ಹಿಂದಿನ ಟೈರಿನ ಮೇಲೆ ಭಾರ ಬರೋದು ಕಮ್ಮಿ ಆಗುತ್ತೆ, ಮುಂದಿನದು ಏಳಲ್ಲ ಸರಿ, ಹಿಂದಿನದು ನಿಂತಲ್ಲೇ ಸುತ್ತುತ್ತೆ. ಕೊನೆಗೆ 6 ಇಂಚು ಉದ್ದದ ರೆಡಿ ಆರ್ಮ್ ಹೊರದೇಶದಿಂದ ತರ್ಸಿದ್ವಿ, ಎರಡು ತಿಂಗಳು ಕಾದು. ಆರಿಂಚು ಆರ್ಮಿಗೆ ಚೈನ್ ಆರಿಂಚು ಸಾಕಾಗಲ್ಲ, ಮೇಲೂ ಕೆಳಗೂ ಸೇರಿ 12 ಇಂಚು ಬೇಕು, 520 ಚೈನಲ್ಲಿ ಒಂದು ಲಿಂಕು 15.875 ಮಿಮೀ, ಅಂದ್ರೆ 20 ಲಿಂಕು ಜಾಸ್ತಿ. ನಾನು ಹತ್ತು ಸಾಕು ಅಂದ್ಕೊಂಡಿದ್ದೆ, ನಗಬೇಡಿ. ಮುಂದಿನ ಶಾಕ್ ಪೂರ್ತಿ ಚಾಚ್ಕೊಳ್ಳದೇ ಇರೋಕೆ ಎರಡೂ ಕಡೆ ಬೆಲ್ಟ್ ಕಟ್ಟಿದ್ರು, ಹಂಗಾಗಿ ಗಾಡಿ ಈಗ ನಾಯಿ ಹೊಂಚು ಹಾಕಿ ಕೂತಂಗೆ ಕಾಣುತ್ತೆ, ನೋಡೋಕೆ ಚೆನ್ನಾಗಿದೆ.

ಗೇರಿಂಗಲ್ಲಿ ಭಾವನ ಮುಖ ನೋಡ್ಬೇಕಿತ್ತು. ಪಿಕಪ್ ಬರ್ಲಿ ಅಂತ ಹಿಂದಕ್ಕೆ 40 ಹಲ್ಲಿನ ಸ್ಪ್ರಾಕೆಟ್ ಆಗ್ಲೇ ತರ್ಸಿಟ್ಟಿದ್ರು, ಗಾಡೀಲಿ ಇದ್ದಿದ್ದು ಮುಂದೆ 14 ಹಿಂದೆ 38. ಮಾಮ ಸಿಮೆಂಟ್ ಚೀಲದ ಕಾಗದದ ಮೇಲೆ ಲೆಕ್ಕ ಹಾಕಿದ್ರು, ಮೊದ್ಲು ಹಿಂದಿನ ಟೈರ್ 20 ಇಂಚು ಈಗ 18, ಟೈರ್ ಸಣ್ಣ ಆಗಿದ್ದಕ್ಕೇ ಗೇರು ನೂರಕ್ಕೆ ಹತ್ತು ಹನ್ನೊಂದು ಭಾಗ ಗಿಡ್ಡ ಆಗ್ಬಿಟ್ಟಿದೆ, ಅಂದ್ರೆ ಎಳೆತ ಜಾಸ್ತಿ, ಒಂದೊಂದು ಗೇರಲ್ಲಿ ಸಿಗೋ ವೇಗ ಕಮ್ಮಿ. ಅದ್ರ ಮೇಲೆ 40 ಹಾಕಿದ್ರೆ ಗೇರ್ ಹಾಕೋದ್ರಲ್ಲೇ ರೇಸ್ ಮುಗಿಯುತ್ತೆ. ಉಲ್ಟಾ ಮುಂದಕ್ಕೆ 15 ಹಲ್ಲಿಂದು ಹಾಕಿದ್ರು. 38ನ್ನ 15ರಿಂದ ಭಾಗಿಸಿ ಟೈರಿನ ಲೆಕ್ಕ ಸೇರ್ಸಿದ್ರೆ 2.81, ಮೊದ್ಲಿದ್ದ 2.71ಕ್ಕಿಂತ ಸ್ವಲ್ಪವೇ ಗಿಡ್ಡ. ಈಗ ಗೆರೆ ದಾಟುವಾಗ 4ನೇ ಗೇರಲ್ಲಿ ರೆವ್ ಮುಗಿಯೋಕೆ ಇನ್ನೊಂಚೂರು ಬಾಕಿ ಇರುತ್ತೆ.

ಫ್ಯೂಯಲ್ ಟ್ಯೂನಿಂಗ್ ಬಗ್ಗೆ ಜಾಸ್ತಿ ಇಲ್ಲ. ಹಳೇ ಓನರ್ ಸೈಲೆನ್ಸರ್ ಬದಲಾಯಿಸಿದ್ದ, ಕಂಪ್ಯೂಟರಿಗೆ ಏನೂ ಹೇಳಿರ್ಲಿಲ್ಲ, ಫುಲ್ ಥ್ರಾಟಲಲ್ಲಿ ಗಾಳಿ ಪೆಟ್ರೋಲ್ ಅನುಪಾತ 14ರ ಮೇಲೆ ತೋರಿಸ್ತಿತ್ತು, ಅಂದ್ರೆ ಪೆಟ್ರೋಲ್ ಸಾಲ್ದೇ ಸುಡ್ತಿತ್ತು. ಒಂದು ಫ್ಯೂಯಲ್ ಕಂಟ್ರೋಲರ್ ಕೂರ್ಸಿ 13ರ ಆಸುಪಾಸಿಗೆ ತಂದ್ರು. ಶಿರಸಿಯ ಒಬ್ಬ ಹುಡುಗ ಹಳೇ ಬ್ಯಾನ್‌ಶೀ, ಯಮಹಾದ್ದೇ ಇನ್ನೊಂದು ಕ್ವಾಡು, ತಗೊಂಡು ಬಂದಿದ್ದ ಅದೇ ವೇಳೆಗೆ, ಎರಡು ಸಿಲಿಂಡರಿನ 347 ಸಿಸಿ ಟೂ ಸ್ಟ್ರೋಕು, ಅದ್ರ ಸದ್ದು ಕೇಳಿದ್ರೆ ನಮ್ಮದು ಪಂಪ್‌ಸೆಟ್ಟು. ಅವಂದು ಕಾರ್ಬೊರೇಟರ್, ಶಿರಸಿ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಕೂರ್ಸಿದ ಜೆಟ್ಟು, ಅಂದ್ರೆ ಪೆಟ್ರೋಲ್ ಬಿಡೋ ತೂತು, ಘಟ್ಟ ಇಳಿದು ಸಮುದ್ರದ ಹತ್ರ ಬಂದ್ರೆ ಸಣ್ಣ ಆಗುತ್ತೆ, ಇಲ್ಲಿ ಗಾಳಿ ದಪ್ಪ. ಟೂ ಸ್ಟ್ರೋಕಲ್ಲಿ ಹಂಗೇ ಓಡ್ಸಿದ್ರೆ ಪಿಸ್ಟನ್ ಕರಗೋ ಕೇಸು, ಮಾಮ ಸ್ಟಾರ್ಟೇ ಮಾಡೋಕೆ ಬಿಡ್ಲಿಲ್ಲ, ದೊಡ್ಡ ಜೆಟ್ ಹಾಕಿದ್ಮೇಲೇ ಕೀ ಕೊಟ್ಟಿದ್ದು.

ಈಗ ಬೈಯೋದು. ಚೌತಿಗೆ ಕೊಡ್ತೀನಿ ಅಂದ ಗಾಡಿ ದೀಪಾವಳಿ ಮುಗಿದು ತುಳಸಿ ಮದ್ವೆಗೆ ಕೈಗೆ ಬಂತು. ಫೋನ್ ಎತ್ತಲ್ಲ, ಎತ್ತಿದ್ರೆ ಬೋಟ್ ಮೇಲಿದ್ದೆ ತಮಾ ಅಂತಾರೆ. ಬಿಲ್ಲು ಕ್ಯಾಲೆಂಡರ್ ಹಾಳೆ ಹಿಂದೆ, ಲೇಬರ್ 18,500, ಯಾವುದಕ್ಕೆ ಎಷ್ಟು ಅಂತ ಇಲ್ಲ. ಇದೆಲ್ಲ ಸಹಿಸ್ಕೋಬಹುದು, ಒಂದು ಮಾತ್ರ ಸಹಿಸೋ ಹಂಗಿರ್ಲಿಲ್ಲ. ಸ್ವಿಂಗ್‌ಆರ್ಮ್ ಉದ್ದ ಮಾಡಿದ್ಮೇಲೆ ಹಿಂದಿನ ಬ್ರೇಕ್ ಹೋಸ್ ಉದ್ದದ್ದು ಹಾಕಿದ್ರಲ್ಲ, ಅದನ್ನ ಅವರ ಹುಡುಗ ಚೈನಿಗೆ ತೀರಾ ಹತ್ರ ಟ್ಯಾಗ್ ಹಾಕಿ ಕಟ್ಟಿದ್ದ. ಎರಡನೇ ಭಾನುವಾರ ಐದನೇ ರನ್ನಿಗೆ ಪೆಡಲ್ ಸ್ಪಂಜಿನ ಥರ ಮೆತ್ತಗಾಯ್ತು, ಭಾವ ಮುಂದಿನ ಬ್ರೇಕಲ್ಲೇ ಹೆಂಗೋ ನಿಲ್ಸಿದ್ರು. ಬಗ್ಗಿ ನೋಡಿದ್ರೆ ಹೋಸಿನ ಹೊರಗಿನ ರಬ್ಬರ್ ಸವೆದು ಒಳಗಿನ ಹೆಣಿಗೆ ಹೊಳೀತಿದೆ, ಒಂದೊಂದೇ ಹನಿ ಆಯಿಲ್ ಬರ್ತಿದೆ. ರಸ್ತೆ ಇನ್ನೂ ಐವತ್ತು ಮೀಟರ್ ಗಿಡ್ಡ ಇದ್ದಿದ್ರೆ ಗೇಟಿಗೇ ಹೋಗ್ತಿದ್ರು. ಅಳತೆಯಲ್ಲಿ ಮಿಮೀ ಬಿಡದೇ ಇರೋ ಮನುಷ್ಯ ಕಟ್ಟಿದ್ದನ್ನ ಕಡೇಲಿ ಒಂದ್ಸಲ ನೋಡಿರ್ಲಿಲ್ಲ. ಮಾಮ ತಪ್ಪು ಒಪ್ಕೊಂಡ್ರು, ಸ್ಟೀಲ್ ಹೆಣಿಗೆಯ ಹೋಸ್ ಫ್ರೀಯಾಗಿ ಹಾಕಿ ಗೈಡಿಗೆ ಕ್ಲಾಂಪ್ ಮಾಡ್ಕೊಟ್ರು, ಆದ್ರೂ ನಾನು ಒಂದು ಸ್ಟಾರ್ ಇದಕ್ಕೇ ಕಮ್ಮಿ ಮಾಡಿದ್ದು. ಯಾವ ಗ್ಯಾರೇಜಿಂದ ತಗೊಂಡ್ರೂ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗ್ಸಿ, ಹಿಂದಿನದನ್ನ ಒತ್ತಿ ಒತ್ತಿ ಬಿಟ್ಟು, ಯಾವ ವೈರು ಯಾವ ಹೋಸು ಎಲ್ಲಿ ತಾಗ್ತಿದೆ ಅಂತ ಟಾರ್ಚ್ ಹಾಕಿ ನೋಡ್ಕೊಳ್ಳಿ.

ಬಿದ್ರೆ ಎಂಜಿನ್ ಆಫ್ ಮಾಡೋ ಕಿಲ್ ಸ್ವಿಚ್ಚಿನ ದಾರ ಕೈಗೆ ಕಟ್ಕೊಳ್ದೇ ಕೂರಬೇಡಿ ಅನ್ನೋದು ಮಾಮನ ಕಂಡೀಶನ್ನು, ಕಟ್ಟದೇ ಇದ್ರೆ ಅವ್ರು ಟೆಸ್ಟಿಗೇ ಬರಲ್ಲ. ಕ್ವಾಡ್ ಮಾಡಿರೋ ಕಂಪನಿಗಳೇ ಡಾಂಬರ್ ಮೇಲೆ ಓಡಿಸ್ಬೇಡಿ ಅಂತ ಸ್ಟಿಕರ್ ಅಂಟ್ಸಿರ್ತಾರೆ, ಮಣ್ಣಲ್ಲಿ ಜಾರಬೇಕಾದ ಟೈರು ಡಾಂಬರಲ್ಲಿ ಕಚ್ಕೊಂಡ್ರೆ ಗಾಡಿ ಮಗುಚುತ್ತೆ. ನೇರ ಓಡ್ಸಿ, ನಿಲ್ಸಿ, ನಿಧಾನ ತಿರುಗ್ಸಿ, ಅಷ್ಟೇ.

ಟೈಮ್ ಬೇಕಲ್ಲ ನಿಮಗೆ. ಮೊದ್ಲು 201 ಮೀಟರಿಗೆ 9.5 ಸೆಕೆಂಡಿನ ಹತ್ರ ಇತ್ತು, ಈಗ ಒಳ್ಳೆ ರನ್ನಲ್ಲಿ 8.8. ಅದ್ರಲ್ಲಿ ಅರ್ಧದಷ್ಟು ಉಳಿದಿದ್ದು ಮೊದಲ 18 ಮೀಟರಲ್ಲೇ, 2.3 ಇದ್ದಿದ್ದು 1.95 ಆಯ್ತು. ಎಂಜಿನ್ ಇನ್ನೂ ಬಿಚ್ಚಿಲ್ಲ, ಲಿಸ್ಟ್ ಮಾಮನ ಕಿಸೇಲೇ ಇರ್ಬೇಕು. ಐದಕ್ಕೆ ನಾಲ್ಕು ಕೊಡ್ತೀನಿ. ಹೋಗೋರು ಮೀನುಗಾರಿಕೆ ನಿಂತಿರೋ ಜೂನ್ ಜುಲೈಲಿ ಹೋಗ್ಬೇಡಿ, ಮಾಮ ಖಾಲಿ ಇರ್ತಾರೆ ಅನ್ಕೋಬೇಡಿ, ಎಲ್ಲಾ ಬೋಟಿನ ಎಂಜಿನ್ನೂ ರಿಪೇರಿಗೆ ಬರೋದು ಆವಾಗ್ಲೇ, ಮತ್ತೆ ನಮ್ಮ ಮಳೇಲಿ ಸ್ಲಿಕ್ ಹಾಕಿ ಟೆಸ್ಟ್ ಮಾಡೋದೂ ಸಾಧ್ಯ ಇಲ್ಲ. ಡಿಸೆಂಬರಿನ ಮೇಲೆ ಹೋಗಿ, ಆಕ್ಸಲ್ ಬೇರಿಂಗಿಗೆ ಗ್ರೀಸ್ ಹೊಡ್ಸೋದು ಮರೀಬೇಡಿ, ಉಪ್ಪುಗಾಳಿ ಅದನ್ನೇ ಮೊದ್ಲು ತಿನ್ನೋದು.

ಭಾವನ 40 ಹಲ್ಲಿನ ಸ್ಪ್ರಾಕೆಟ್ ಇನ್ನೂ ಪ್ಯಾಕ್ ಒಡೆದಿಲ್ಲ, ರಾಪ್ಟರ್ 700ಕ್ಕೆ ಕೂರುತ್ತೆ. ಯಾರಿಗಾದ್ರೂ ಬೇಕಿದ್ರೆ ಅರ್ಧ ಬೆಲೆಗೆ ಕೊಡ್ಸ್ತೀನಿ, ನಾನು ಹೇಳಿದ್ದು ಅಂತ ಮಾತ್ರ ಅವ್ರಿಗೆ ಹೇಳ್ಬೇಡಿ.