ನಾಲ್ಕು ಸಾಲು ಮೊಳೆಯ ಚಳಿಗಾಲದ ಸೈಕಲ್ ಟೈರ್: ಶ್ವಾಲ್ಬೆ ಮ್ಯಾರಥಾನ್ ವಿಂಟರ್ ಪ್ಲಸ್ ವಿಮರ್ಶೆ

ಮಂಜುಗಡ್ಡೆಯ ಮೇಲೆ ಓಡಿಸಲು ಮೊಳೆ ಟೈರ್ (ರಬ್ಬರಿನಲ್ಲಿ ಪುಟ್ಟ ಲೋಹದ ಮೊಳೆಗಳನ್ನು ಕೂರಿಸಿದ ಟೈರ್) ಕೊಳ್ಳುವವರು ಸಾಮಾನ್ಯವಾಗಿ ನೋಡುವುದು ಮೊಳೆಗಳ ಸಂಖ್ಯೆಯನ್ನು. ಅದಕ್ಕಿಂತ ಮುಖ್ಯವಾದದ್ದು ಆ ಮೊಳೆಗಳು ಎಲ್ಲಿ ಕೂತಿವೆ ಎಂಬುದು. ಜರ್ಮನಿಯ ಟೈರ್ ಕಂಪನಿ ಶ್ವಾಲ್ಬೆಯ ಮ್ಯಾರಥಾನ್ ವಿಂಟರ್ ಪ್ಲಸ್‌ನ 28 ಇಂಚಿನ ಟೈರಿನಲ್ಲಿ 240 ಮೊಳೆಗಳಿವೆ. ಎರಡು ಸಾಲು ನಡುಭಾಗದ ಆಚೀಚೆ, ಇನ್ನೆರಡು ಸಾಲು ಹೊರಗೆ, ಟೈರಿನ ಭುಜದ ಮೇಲೆ, ಅಂದರೆ ಟೈರ್ ಪಕ್ಕಕ್ಕೆ ಬಾಗುವ ಕಡೆ. ಈ ಭುಜದ ಸಾಲುಗಳೇ ಇದರ ನಿಜವಾದ ಬಂಡವಾಳ.

ಕಾರಣ ಸರಳ. ಸಪಾಟಾದ ಮಂಜುಗಡ್ಡೆಯ ಮೇಲೆ ನೇರವಾಗಿ ಹೋಗುವಾಗ ಸೈಕಲ್ ಬೀಳುವುದು ಕಡಿಮೆ. ಬೀಳುವುದು ತಿರುವಿನಲ್ಲಿ, ಇಲ್ಲವೇ ಹೆಪ್ಪುಗಟ್ಟಿದ ಚಕ್ರದ ಜಾಡುಗಳಲ್ಲಿ. ಹಗಲು ಅರೆಬರೆ ಕರಗಿದ ಹಿಮದಲ್ಲಿ ವಾಹನಗಳೂ ಜನರೂ ಓಡಾಡಿ ಮೂಡಿದ ಗುರುತುಗಳು ರಾತ್ರಿ ಕಲ್ಲಿನಂತೆ ಗಟ್ಟಿಯಾಗುತ್ತವೆ. ಬೆಳಿಗ್ಗೆ ಚಕ್ರ ಆ ಜಾಡಿಗೆ ಇಳಿದರೆ, ಮೇಲೆ ಹತ್ತಲು ಟೈರಿನ ಪಕ್ಕವೇ ಜಾಡಿನ ಗೋಡೆಯನ್ನು ಕಚ್ಚಬೇಕು. ಅಲ್ಲಿ ಮೊಳೆ ಇಲ್ಲದಿದ್ದರೆ ಹ್ಯಾಂಡಲ್ ತಿರುಗುತ್ತದೆ, ಚಕ್ರ ಮಾತ್ರ ಜಾಡಿನಲ್ಲೇ ಜಾರುತ್ತಾ ಹೋಗುತ್ತದೆ, ಸವಾರ ಪಕ್ಕಕ್ಕೆ ಉರುಳುತ್ತಾನೆ. ಎರಡು ಸಾಲಿನ ಟೈರುಗಳು ಸೋಲುವುದು ಇಲ್ಲೇ. ಶ್ವಾಲ್ಬೆಯದೇ ವಿಂಟರ್ ಮಾದರಿಯಾಗಲಿ, ಫಿನ್ಲೆಂಡಿನ ಸುವೊಮಿ ಟೈರ್ಸ್‌ನ ಡಬ್ಲ್ಯು106 ಆಗಲಿ ಕೆಟ್ಟ ಟೈರುಗಳಲ್ಲ. ದಾರಿಯ ಹಿಮವನ್ನು ದಿನವೂ ಗೋರಿ ತೆಗೆದು ಉಪ್ಪು ಹಾಕುವ ಕಡೆ, ಅಲ್ಲೊಂದು ಇಲ್ಲೊಂದು ತೆಳು ಮಂಜುಗಡ್ಡೆಯ ತೇಪೆ ಮಾತ್ರ ಸಿಗುತ್ತದೆ ಎನ್ನುವವರಿಗೆ ಅವೇ ಸಾಕು, ಓಡಿಸಲು ಹಗುರವೂ ಹೌದು. ಸುವೊಮಿಯಲ್ಲಿ ನಾಲ್ಕು ಸಾಲು ಬೇಕೆಂದರೆ ಡಬ್ಲ್ಯು240 ನೋಡಬೇಕು. ಹೆಸರಿನಲ್ಲಿರುವ ಅಂಕಿಯೇ ಅದರ ಮೊಳೆಗಳ ಲೆಕ್ಕ.

ಮ್ಯಾರಥಾನ್ ವಿಂಟರ್ ಪ್ಲಸ್‌ನ ಇನ್ನೊಂದು ಒಳ್ಳೆಯ ಗುಣ, ಗಾಳಿಯ ಒತ್ತಡ ಬದಲಿಸಿದರೆ ಟೈರಿನ ನಡತೆಯೇ ಬದಲಾಗುವುದು. ಗಾಳಿ ಬಿಗಿಯಾಗಿದ್ದಾಗ ಟೈರ್ ಗುಂಡಗೆ ನಿಂತು ಭುಜದ ಮೊಳೆಗಳು ನೆಲ ಬಿಟ್ಟು ಮೇಲೇಳುತ್ತವೆ. ಒಣ ಡಾಂಬರಿನಲ್ಲಿ ಸದ್ದು ಕಡಿಮೆ, ಓಟ ಸಲೀಸು. ಗಾಳಿ ಇಳಿಸಿದರೆ ಟೈರ್ ಚಪ್ಪಟೆಯಾಗಿ ನಾಲ್ಕೂ ಸಾಲು ನೆಲಕ್ಕೆ ತಾಗುತ್ತವೆ. ಎಷ್ಟರವರೆಗೆ ಇಳಿಸಬಹುದು, ಎಷ್ಟರವರೆಗೆ ಏರಿಸಬಹುದು ಎಂಬುದು ಟೈರಿನ ಪಕ್ಕದ ಗೋಡೆಯ ಮೇಲೇ ಅಚ್ಚಾಗಿದೆ. ಆ ಎರಡು ಅಂಕಿಗಳ ನಡುವೆಯೇ ಇರಬೇಕು. ಭಾರದ ಮೈಯವರು, ಹಿಂದೆ ಚೀಲ ಹೇರಿಕೊಂಡು ಹೋಗುವವರು ತೀರಾ ಕೆಳಗಿನ ಅಂಕಿಗೆ ಹೋಗಬಾರದು. ಗುಂಡಿಗೆ ಬಿದ್ದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಎರಡು ಕಡೆ ಸೀಳುತ್ತದೆ.

ಇಲ್ಲಿ ಹಲವರು ಎಡವುವ ಒಂದು ಲೆಕ್ಕವಿದೆ. ಚಳಿಯಲ್ಲಿ ಗಾಳಿ ಕುಗ್ಗುತ್ತದೆ. 20 ಡಿಗ್ರಿ ಸೆಲ್ಸಿಯಸ್ ಇರುವ ಕೋಣೆಯೊಳಗೆ 3 ಬಾರ್ (ಗಾಳಿಯ ಒತ್ತಡದ ಅಳತೆ) ತುಂಬಿದ ಟೈರನ್ನು ಮೈನಸ್ 10 ಡಿಗ್ರಿಯ ಹೊರಗೆ ಒಯ್ದರೆ, ಎಲ್ಲೂ ಸೋರದೆಯೇ ಅದು ಸುಮಾರು 2.6 ಬಾರ್‌ಗೆ ಇಳಿಯುತ್ತದೆ. ಒಳಗೇ ಕನಿಷ್ಠ ಅಂಕಿಗೆ ತುಂಬಿಕೊಂಡು ಹೊರಟವರ ಟೈರ್ ರಸ್ತೆಯಲ್ಲಿ ಕನಿಷ್ಠಕ್ಕಿಂತ ಕೆಳಗಿರುತ್ತದೆ. ಸೈಕಲನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ, ಟೈರ್ ತಣ್ಣಗಾದ ಮೇಲೆ ಗೇಜ್ ಹಚ್ಚಿ ನೋಡುವುದೇ ಸರಿ.

ಮೊಳೆಯ ನಡುವಿನ ತಿರುಳು ಟಂಗ್‌ಸ್ಟನ್ ಕಾರ್ಬೈಡ್‌ನದು. ಇದರಲ್ಲಿ ರಾಜಿ ಬೇಡ. ಬರೀ ಉಕ್ಕಿನ ಮೊಳೆಗಳಿರುವ ಅಗ್ಗದ ಟೈರುಗಳೂ ಸಿಗುತ್ತವೆ. ಡಾಂಬರಿನ ಮೇಲೆ ಅವುಗಳ ತುದಿ ಬೇಗ ದುಂಡಗಾಗಿ, ಮಂಜುಗಡ್ಡೆ ಬರುವ ಹೊತ್ತಿಗೆ ಕಚ್ಚುವ ಶಕ್ತಿಯೇ ಉಳಿದಿರುವುದಿಲ್ಲ. ಕಾರ್ಬೈಡ್ ನಿಧಾನವಾಗಿ ಸವೆಯುತ್ತದೆ.

ಹೊಸ ಮೊಳೆಗಳು ರಬ್ಬರಿನ ಗುಳಿಯಲ್ಲಿ ಇನ್ನೂ ಗಟ್ಟಿಯಾಗಿ ಕೂತಿರುವುದಿಲ್ಲ. ಮೊದಲ 40 ಕಿ.ಮೀ.ನಷ್ಟು ಡಾಂಬರು ರಸ್ತೆಯಲ್ಲಿ ಸಮಾಧಾನವಾಗಿ ಓಡಿಸಬೇಕು: ಎದ್ದು ನಿಂತು ತುಳಿಯುವುದು, ಗಕ್ಕನೆ ಬ್ರೇಕ್ ಹಿಡಿಯುವುದು, ಹಿಂಚಕ್ರವನ್ನು ಎಳೆದಾಡಿಸುವುದು ಬೇಡ. ಇದನ್ನು ಬಿಟ್ಟವರ ಟೈರಿನಿಂದ ಮೊಳೆಗಳು ಒಂದೊಂದಾಗಿ ಕಿತ್ತುಬರುತ್ತವೆ. ಆದ್ದರಿಂದ ಮೊದಲ ಹಿಮ ಬೀಳುವ ಮುಂಚೆಯೇ ಟೈರ್ ಹಾಕಿ. ಹಿಮ ಬಿದ್ದ ಮೇಲೆ ಹಾಕಿದರೆ ಪಳಗಿಸಲು ಬರಿಯ ಡಾಂಬರೇ ಸಿಗುವುದಿಲ್ಲ.

ಹಾಕುವ ಕೆಲಸಕ್ಕೆ ದಪ್ಪ ಕೈಗವಸು ಬೇಕೇ ಬೇಕು. ಟೈರ್ ಬಿರುಸು. ಪಕ್ಕದ ಗೋಡೆಯ ಬಾಣದ ಗುರುತು ಚಕ್ರ ಉರುಳುವ ದಿಕ್ಕಿಗೇ ಇರಲಿ. ಟ್ಯೂಬಿಗೆ ಚೂರು ಗಾಳಿ ಕೊಟ್ಟು ಒಳಗಿಡಿ, ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ, ಈಗಾಗಲೇ ಕೂತ ಅಂಚನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತುತ್ತಾ ಬನ್ನಿ. ಕೊನೆಯ ಗೇಣಿನಷ್ಟು ಜಾಗ ಬಿಗಿಯೆನಿಸುವುದು ಆ ತಗ್ಗಿಗೆ ಅಂಚು ಇಳಿಯದಿದ್ದರೇ. ಲಿವರ್ ಹಾಕಿ ಮೀಟಿದರೆ ಟ್ಯೂಬು ತೂತಾಗುತ್ತದೆ. ಕೊಳ್ಳುವ ಮೊದಲೇ ಮಡ್‌ಗಾರ್ಡ್ ಮತ್ತು ಫ್ರೇಮಿನ ನಡುವಿನ ಜಾಗ ಅಳೆದುಕೊಳ್ಳಿ. ಮೊಳೆ ತಾಗದಿದ್ದರೆ ಸಾಲದು, ಅಂಟಿಕೊಂಡು ಬರುವ ಹಿಮಕ್ಕೂ ಜಾಗ ಬೇಕು. ಇಲ್ಲದಿದ್ದರೆ ಹಿಮ ಅಲ್ಲಿ ಗಿಡಿದು ಚಕ್ರವೇ ನಿಲ್ಲುತ್ತದೆ.

ಓಟದ ವಿಷಯ. ತೆಳುವಾದ, ಮೇಲೆ ನೀರಿನ ಪಸೆಯಿರುವ ಮಂಜುಗಡ್ಡೆಯಲ್ಲಿ ಮಾಮೂಲಿ ಟೈರ್ ನಿಲ್ಲುವುದೇ ಇಲ್ಲ. ಇದು ಮೇಲ್ಮೈಯನ್ನು ಚುಚ್ಚಿ ಹಿಡಿಯುತ್ತದೆ, ಮುಂದಿನ ಬ್ರೇಕನ್ನೂ ಹದವಾಗಿ ಹಿಡಿಯಬಹುದು. ಆದರೂ ಒಣ ರಸ್ತೆಯ ಹಿಡಿತವನ್ನು ನಿರೀಕ್ಷಿಸಬೇಡಿ: ತಿರುವಿಗೆ ಮುಂಚೆಯೇ ವೇಗ ಇಳಿಸಿ, ಸೈಕಲನ್ನು ವಾಲಿಸದೆ ತಿರುಗಿಸಿ. ಒದ್ದೆಯಾದ ಟ್ರಾಮ್ ಹಳಿ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳಗಳಲ್ಲಿ ಮೊಳೆಗೆ ಚುಚ್ಚಲು ಏನೂ ಇಲ್ಲ, ಅಲ್ಲಿ ಎಚ್ಚರ ತಪ್ಪಬಾರದು. ಇನ್ನೊಂದು ಮಾತು: ಮೊಳೆ ಇರುವುದು ಟೈರಿಗೆ, ಬೂಟಿಗಲ್ಲ. ಸಿಗ್ನಲ್ಲಿನಲ್ಲಿ ನಿಂತು ಕಾಲೂರಿದ ಕ್ಷಣ ಜಾರಿ ಬೀಳುವುದು ಈ ಟೈರ್ ಹಾಕಿದವರಲ್ಲಿ ಬಹಳ ಸಾಮಾನ್ಯ.

ಆಳವಾದ ಹುಡಿ ಹಿಮದಲ್ಲಿ ಈ ಟೈರ್ ನೆರವಾಗುವುದಿಲ್ಲ ಎಂದೇ ಹೇಳಬೇಕು. ಅಲ್ಲಿ ಬೇಕಾದದ್ದು ಅಗಲ, ಕಡಿಮೆ ಗಾಳಿ, ದೊಡ್ಡ ಗುಬುಟುಗಳು. ಕಾಡುದಾರಿಯ ಸವಾರರು ಶ್ವಾಲ್ಬೆಯದೇ ಐಸ್ ಸ್ಪೈಕರ್ ಪ್ರೊ ಕಡೆ ನೋಡಲಿ.

ಬೆಲೆ ತೆರಬೇಕಾದದ್ದು ತೂಕದಲ್ಲಿ. 28 ಇಂಚಿನ ಒಂದೊಂದು ಟೈರೂ ಕಿಲೋ ದಾಟುತ್ತದೆ, ತುಳಿತ ಭಾರವಾಗುತ್ತದೆ, ಡಾಂಬರಿನ ಮೇಲೆ ಚರಚರ ಸದ್ದು ತಪ್ಪದು. ಆ ತೂಕದಲ್ಲಿ ಒಂದು ಪಾಲು ಪಂಕ್ಚರ್ ತಡೆಯುವ ಪದರದ್ದು, ಹೆಸರಿನ ಪ್ಲಸ್ ಅದಕ್ಕೇ. ಈ ಭಾರವನ್ನು ಹೊರುವುದು ಲೇಸು ಎಂಬುದು ನಮ್ಮ ಖಚಿತ ಅಭಿಪ್ರಾಯ. ಜಾರದಿರಲೆಂದು ರಸ್ತೆಗೆ ಚೆಲ್ಲುವ ಜಲ್ಲಿಪುಡಿ ಚೂಪಾಗಿರುತ್ತದೆ, ಮರಗಟ್ಟಿದ ಬೆರಳುಗಳಲ್ಲಿ ಇಂಥ ಬಿರುಸು ಟೈರನ್ನು ದಾರಿಯಲ್ಲಿ ಬಿಚ್ಚುವ ಕಷ್ಟ ಯಾರಿಗೂ ಬೇಡ.

ಜೋಡಿ ಕೊಳ್ಳುವುದೇ ಒಳ್ಳೆಯದು. ಒಂದೇ ಸಾಧ್ಯವಾದರೆ ಅದು ಮುಂದಿನ ಚಕ್ರಕ್ಕೆ. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಲು ಸಮಯ ಸಿಗುತ್ತದೆ, ಮುಂಚಕ್ರ ಜಾರಿದರೆ ಸಿಗುವುದಿಲ್ಲ.

ಹಿಂದಿನ ಟೈರ್ ಹೆಚ್ಚು ಸವೆಯುವುದರಿಂದ ಪ್ರತಿ ಚಳಿಗಾಲದ ಶುರುವಿಗೆ ಹಿಂದಿನದನ್ನೂ ಮುಂದಿನದನ್ನೂ ಅದಲು ಬದಲು ಮಾಡಿ, ಬಾಣದ ದಿಕ್ಕು ಮಾತ್ರ ಕೆಡದಿರಲಿ. ಬಿದ್ದುಹೋದ ಮೊಳೆಗೆ ಬದಲಿ ಮೊಳೆಗಳೂ ಒತ್ತುವ ಉಪಕರಣವೂ ಸಿಗುತ್ತವೆ: ಗುಳಿಯ ಕೊಳೆ ತೆಗೆದು, ಸೋಪಿನ ನೀರು ಸವರಿ, ನೇರವಾಗಿ ಒತ್ತಬೇಕು. ಗುಳಿಯೇ ಹರಿದಿದ್ದರೆ ಹೊಸ ಮೊಳೆ ನಿಲ್ಲುವುದಿಲ್ಲ. ಚಳಿಗಾಲ ಮುಗಿದ ಮೇಲೆ ಉಪ್ಪು ಹೋಗುವಂತೆ ತೊಳೆದು, ಪೂರ್ತಿ ಒಣಗಿಸಿ, ಬಿಸಿಲು ತಾಗದ ತಣ್ಣನೆಯ ಜಾಗದಲ್ಲಿ ಎತ್ತಿಡಿ. ಮಡಚಿ ಕಟ್ಟಬೇಡಿ, ಟೈರಿನ ಅಂಚಿನ ತಂತಿ ಒಮ್ಮೆ ಮುರಿದು ಬಾಗಿದರೆ ಮತ್ತೆ ರಿಮ್ಮಿನಲ್ಲಿ ಸರಿಯಾಗಿ ಕೂರುವುದಿಲ್ಲ.