ಹಿಂಬದಿಯಲ್ಲಿ ಹೆಸರಿಲ್ಲದ ಚಿತ್ತಾರ: ಸಾಗರದ ಒಂದು ಕರಕುಶಲ ಮಳಿಗೆಯ ಬಗ್ಗೆ

ಸಾಗರದ ಪೇಟೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ, ಎರಡು ಕೋಣೆಗಳ ಪುಟ್ಟ ಕರಕುಶಲ ಮಳಿಗೆಯೊಂದಿದೆ. ಮೆಚ್ಚುಗೆಯ ಜೊತೆಗೆ ತಕರಾರೂ ಇರುವುದರಿಂದ ಅದರ ಹೆಸರನ್ನು ಬರೆಯುತ್ತಿಲ್ಲ. ಕಳೆದ ವರ್ಷ, ಗದ್ದೆಗೆ ಬಯಕೆಯ ಊಟ ಒಯ್ಯುವ ಭೂಮಿ ಹುಣ್ಣಿಮೆ ಹಬ್ಬಕ್ಕೆ ನಾಲ್ಕು ದಿನ ಮೊದಲು ನಾನು ಅಲ್ಲಿ ಮದುವೆಗೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಒಂದು ಫಲಕ, ಆ ಹಬ್ಬದ ಊಟ ಹೊರುವ ಒಂದು ಭೂಮಣ್ಣಿ ಬುಟ್ಟಿ ಮತ್ತು ಹನ್ನೆರಡು ಚಿತ್ರಗಳ ಒಂದು ಕಾರ್ಡ್ ಕಟ್ಟು ಕೊಂಡೆ. ಆಗಲೇ ಬರೆಯಬಹುದಿತ್ತು, ಆದರೆ ಮಲೆನಾಡಿನಲ್ಲಿ ಮಣ್ಣು, ಮರ, ಕಾಗದಗಳ ಗುಣವನ್ನು ಆಷಾಢದ ಮಳೆಯೇ ಹೇಳಬೇಕಾದ್ದರಿಂದ ಒಂದು ಮಳೆಗಾಲ ಕಳೆಯಲಿ ಎಂದು ಕಾದೆ.

ಮೊದಲ ಕೋಣೆ ಜೋಗ ನೋಡಲು ಬಂದವರಿಗಾಗಿ ಜೋಡಿಸಿದ್ದು. ಗುಡಿಗಾರರ ಕೆತ್ತನೆಯ ಗಣಪತಿ, ಆನೆ, ಪೆಟ್ಟಿಗೆಗಳು ಅಲ್ಲಿವೆ. ಗಂಧದ ಮರ ದುಬಾರಿಯಾದ ಮೇಲೆ ಹೆಚ್ಚಿನವು ಶಿವನೆ ಮರದವು, ಅದನ್ನು ಅಂಗಡಿಯವರು ಮುಚ್ಚಿಡದೆ ಹೇಳುತ್ತಾರೆ. ಅದೇ ಗುಡಿಗಾರರ ಕೈಯಿಂದ ಬಂದ ಬೆಂಡಿನ ಬಾಸಿಂಗಗಳು ಗಾಜಿನ ಕಪಾಟಿನಲ್ಲಿ ಧೂಳು ಹಿಡಿದು ಕುಳಿತಿವೆ. ಕೆತ್ತನೆಗಿಂತ ಅವೇ ನನಗೆ ಇಷ್ಟವಾದವು, ಆದರೆ ಮನೆಯಲ್ಲಿ ಸದ್ಯಕ್ಕೆ ಮದುವೆಯಿಲ್ಲ.

ನೋಡಬೇಕಾದದ್ದು ಒಳಕೋಣೆ. ಭೀಮನಕೋಣೆಯ ಚರಕ ಎಂಬ ಕೈಮಗ್ಗದ ಸಂಘಕ್ಕೆ ಬಟ್ಟೆ ಕೊಳ್ಳಲು, ಹೆಗ್ಗೋಡಿಗೆ ನಾಟಕ ನೋಡಲು ಬಂದವರನ್ನು ಮನಸ್ಸಿನಲ್ಲಿಟ್ಟುಕೊಂಡು ಅದನ್ನು ತೆರೆದಂತಿದೆ. ಹೊಸ ತಲೆಮಾರಿನ ಚಿತ್ರಕಾರರ ಕೆಲಸ ಅಲ್ಲಿ ಗೋಡೆಯ ತುಂಬ ಇದೆ. ನಾನು ಕೊಂಡ ಕಾರ್ಡ್ ಕಟ್ಟು ಶಿವಮೊಗ್ಗದ ಯುವ ಚಿತ್ರಕಾರರೊಬ್ಬರದು: ಕಂಬಳಿ ಕೊಪ್ಪೆ ಹೊದ್ದು ಬದುವಿನ ಮೇಲೆ ನಡೆಯುವವರು, ಹಾಳೆ ಟೋಪಿ ಹಾಕಿಕೊಂಡು ಅಡಿಕೆ ಕೊನೆ ಇಳಿಸುವವನು, ಬಸ್ಸಿಗೆ ಕಾಯುತ್ತಾ ಒಂದೇ ಕೊಡೆಯ ಕೆಳಗೆ ನಿಂತ ಮೂವರು ಶಾಲೆ ಹುಡುಗಿಯರು. ಮಳೆಯನ್ನು ಗೀಟು ಎಳೆದು ತೋರಿಸಿಲ್ಲ. ಹುಡುಗಿಯರ ಲಂಗದ ಅಂಚು ಮಾತ್ರ ಒಂದು ಛಾಯೆ ಗಾಢವಾಗಿದೆ, ಅಷ್ಟರಲ್ಲಿಯೇ ಅವರು ಎಷ್ಟು ಹೊತ್ತಿನಿಂದ ನಿಂತಿದ್ದಾರೆ ಎಂಬುದು ತಿಳಿಯುತ್ತದೆ. ಮೂಲ ಚಿತ್ರಗಳನ್ನು ಬಿಡಿಸಿದ್ದು ಅಡಿಕೆ ಚೊಗರಿನಲ್ಲಿ. ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಆ ಕೆಂಗಂದು ರಸಕ್ಕೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ ಎಂಬುದು ತೋಟದ ಮನೆಯವರಿಗೆಲ್ಲ ಗೊತ್ತು. ಈ ಚಿತ್ರಕಾರರು ತುಕ್ಕು ಹಿಡಿದ ಮೊಳೆಗಳನ್ನು ಚೊಗರಿನಲ್ಲಿ ನೆನೆಹಾಕಿ ತಮ್ಮ ಕಪ್ಪನ್ನೂ ಬೂದು ಬಣ್ಣವನ್ನೂ ಅದರಿಂದಲೇ ಪಡೆದಿದ್ದಾರೆ. ಪ್ರತಿ ಕಾರ್ಡಿನ ಹಿಂದೆ ಅವರ ಹೆಸರು, ಊರು, ಚಿತ್ರ ಬರೆದ ವರ್ಷ ಅಚ್ಚಾಗಿವೆ. ಕಾರ್ಡ್ ಕಟ್ಟಿಗೆ 360 ರೂಪಾಯಿ ಕೊಟ್ಟದ್ದು ಹೆಚ್ಚೆನಿಸಲಿಲ್ಲ.

ಇದೇ ಕೋಣೆಯ ಎದುರು ಗೋಡೆಯಲ್ಲಿ ಚಿತ್ತಾರದ ಫಲಕಗಳಿದ್ದವು, ಸುಮಾರು ಇಪ್ಪತ್ತು. ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಹೆಂಗಸರು ಗೋಡೆಯ ಮೇಲೆ ಬರೆಯುವ ಹಸೆಯನ್ನು ಹಲಗೆಗೆ ಇಳಿಸಿದ ಈ ಫಲಕಗಳನ್ನು ದೂರದಿಂದ ನೋಡಿದರೆ ಎಲ್ಲವೂ ಒಂದೇ ರೀತಿ: ಕೆಮ್ಮಣ್ಣಿನ ನೆಲ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಹತ್ತಿರ ಹೋದಾಗ ಒಂದು ಫಲಕ ಮಾತ್ರ ಬೇರೆಯಾಗಿ ಕಂಡಿತು. ಅದರ ಎಳೆಗಳು, ಅಂದರೆ ಗೆರೆಗಳು, ಪುಂಡಿ ನಾರಿನ ಕುಂಚದವು. ಆ ಕುಂಚಕ್ಕೆ ಬಣ್ಣ ಹಿಡಿಸುವುದು ಅಲ್ಪ. ಎಳೆ ತುಂಬು ಬಿಳಿಯಲ್ಲಿ ಶುರುವಾಗಿ, ಗೇಣುದ್ದ ಹೋಗುವಷ್ಟರಲ್ಲಿ ತೆಳುವಾಗಿ, ಮತ್ತೆ ಅದ್ದಿದ ಜಾಗದಲ್ಲಿ ಒಂದು ಚುಕ್ಕೆಯಷ್ಟು ದಪ್ಪವಾಗುತ್ತದೆ. ಆ ಫಲಕದಲ್ಲಿ ಮೂರೆಳೆಯ ಅಂಚು ನಾಲ್ಕೂ ಕಡೆ ಸುತ್ತಿತ್ತು, ಮೂರು ಎಳೆಗಳ ಜೋಡಣೆಯ ಚುಕ್ಕೆಗಳು ಎಲ್ಲಿಯೂ ಒಂದರ ಪಕ್ಕ ಒಂದು ಬಿದ್ದಿರಲಿಲ್ಲ. ಹಾಗೆ ಬಿದ್ದಿದ್ದರೆ ಅಂಚಿಗೆ ಅಡ್ಡ ಗೆರೆ ಹಾಕಿದಂತೆ ಕಾಣುತ್ತಿತ್ತು. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಬರೆದವರ ಕೈ ಮೊದಲೇ ಅಳೆದಿತ್ತು. ಉಳಿದ ಹಲವು ಫಲಕಗಳಲ್ಲಿ ಎಳೆ ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪ, ಅಂದರೆ ಅಂಗಡಿಯಲ್ಲಿ ಸಿಗುವ ಬ್ರಷ್ಷಿನದು.

ನಾನು ಆರಿಸಿದ ಫಲಕವನ್ನು ತಿರುಗಿಸಿ ನೋಡಿದರೆ ಹಿಂದೆ ಬೆಲೆಯ ಚೀಟಿ, 1,800 ರೂಪಾಯಿ, ಮತ್ತು 'ನೈಸರ್ಗಿಕ ಬಣ್ಣ' ಎಂಬ ಮುದ್ರೆ. ಬರೆದವರ ಹೆಸರಿಲ್ಲ, ಊರಿಲ್ಲ. ಕಾಲೇಜು ಕಲಿತ ಚಿತ್ರಕಾರರ ಹೆಸರು ಮೂವತ್ತು ರೂಪಾಯಿಯ ಕಾರ್ಡಿನ ಮೇಲೂ ಇರುವ ಅಂಗಡಿಯಲ್ಲಿ, ಅದರ ಅರವತ್ತರಷ್ಟು ಬೆಲೆಯ ಫಲಕ ಬರೆದ ಹೆಂಗಸಿಗೆ ಹೆಸರಿಲ್ಲದಿರುವುದು ನನ್ನ ಮುಖ್ಯ ತಕರಾರು. ಕೇಳಿದಾಗ ಅಂಗಡಿಯವರು ಸಿಟ್ಟಾಗಲಿಲ್ಲ. "ಊರು ಹೇಳಿದ್ರೆ ಗಿರಾಕಿಗಳು ಸೀದಾ ಅಲ್ಲಿಗೇ ಹೋಗ್ತಾರಲ್ಲ ಮಾರಾಯ್ರೆ, ನಮ್ಮ ಬಾಡಿಗೆ ಕಟ್ಟೋರು ಯಾರು?" ಎಂದರು. ಮಾತು ಸುಳ್ಳಲ್ಲ, ಏಕೆಂದರೆ ನಾನು ಮುಂದೆ ಮಾಡಿದ್ದು ಅದನ್ನೇ.

ದಾರಿ ತೋರಿಸಿದ್ದು ಬುಟ್ಟಿ. ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಬಿಳಿಯಲ್ಲಿ ಚಿತ್ತಾರ ತುಂಬಿಸಿದ ಭೂಮಣ್ಣಿ ಬುಟ್ಟಿಯಲ್ಲಿ ತುಂಬು ಬಸುರಿಯಾದ ಗದ್ದೆಗೆ ಬಯಕೆಯ ಊಟ ಹೊತ್ತೊಯ್ಯುವುದು ಭೂಮಿ ಹುಣ್ಣಿಮೆಯ ಕ್ರಮ. ನಾನು ಕೊಂಡ ಬುಟ್ಟಿಯ ತಳದಲ್ಲಿ, ಬಹುಶಃ ಲೆಕ್ಕಕ್ಕೆಂದು, ಒಂದು ಊರಿನ ಹೆಸರನ್ನು ಯಾರೋ ಪೆನ್ನಿನಲ್ಲಿ ಗೀಚಿದ್ದರು. ಹಬ್ಬ ಕಳೆದ ಭಾನುವಾರ ಆ ಊರಿಗೆ ಹೋಗಿ ವಿಚಾರಿಸಿದಾಗ ಮೂರನೆಯ ಮನೆಯಲ್ಲಿಯೇ ಬುಟ್ಟಿಗೆ ಚಿತ್ತಾರ ಬರೆದವರು ಸಿಕ್ಕರು. ಅರವತ್ತು ದಾಟಿದ ಹೆಂಗಸು, ಫಲಕವೂ ಅವರದೇ ಕೈಯದು. ಅವರ ಮನೆಯ ಗೋಡೆಗೆ ಈಗ ಪೇಟೆಯ ಬಣ್ಣ ಹೊಡೆಸಿದ್ದಾರೆ, ಚಿತ್ತಾರ ಉಳಿದಿರುವುದು ಹಿತ್ತಿಲ ಜಗುಲಿಯಲ್ಲಿ ಮಾತ್ರ. ನೈಸರ್ಗಿಕ ಬಣ್ಣದ ಮುದ್ರೆಯ ಬಗ್ಗೆ ಕೇಳಿದೆ. "ಗುರಿಗೆ ಕಾಯಿ ಸಿಕ್ರೆ ಅದು, ಸಿಗದಿದ್ರೆ ಅಂಗಡಿ ಹಳದಿ. ಬಿಳಿ ಕೆಂಪು ಮಾತ್ರ ನಮ್ದೇ ಮಗಾ" ಎಂದರು. ಮನೆಗೆ ಬಂದು ಒದ್ದೆ ಬೆರಳಿನಿಂದ ಮೂಲೆಯಲ್ಲಿ ಒರೆಸಿ ನೋಡಿದೆ: ಕೆಂಪು ಬೆರಳಿಗೆ ಬಂತು, ಹಳದಿ ಅಲುಗಲಿಲ್ಲ. ಕೊಳ್ಳುವವರು ಈ ಪರೀಕ್ಷೆಯನ್ನು ಅಂಗಡಿಯಲ್ಲಿಯೇ, ಕೇಳಿಕೊಂಡು, ಅಂಚಿನಲ್ಲಿ ಮಾಡಬಹುದು. ಅಂಗಡಿ ಬಣ್ಣ ಬಳಸಿದ್ದು ನನಗೆ ದೊಡ್ಡ ತಪ್ಪಾಗಿ ಕಾಣುವುದಿಲ್ಲ; ಬರೆದವರು ನೇರವಾಗಿ ಹೇಳಿದ್ದನ್ನು ಮಾರುವವರ ಮುದ್ರೆ ಮರೆಮಾಡಿದ್ದು ಸರಿಯಲ್ಲ.

ಮಳೆಗಾಲದ ಕಥೆ ಹೀಗಾಯಿತು. ಕಾರ್ಡುಗಳು ಮೇಜಿನ ಖಾನೆಯಲ್ಲಿ ಸ್ವಲ್ಪ ಮುರುಟಿಕೊಂಡವು, ಮತ್ತೇನೂ ಆಗಲಿಲ್ಲ. ಬುಟ್ಟಿಯನ್ನು ಅಮ್ಮ ಹೇಳದೆ ಕೇಳದೆ ಒಯ್ದು ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಕಟ್ಟಿದ್ದರಿಂದ ಅದು ಹೊಗೆಯಲ್ಲಿ ತುಸು ಕಂದಿತೇ ಹೊರತು ಬೂಸ್ಟು ಹಿಡಿಯಲಿಲ್ಲ. ನಡುಮನೆಯಲ್ಲಿ ಗೋಡೆಗೆ ತಾಗಿಸಿ ತೂಗುಹಾಕಿದ್ದ ಫಲಕಕ್ಕೆ ಮಾತ್ರ ಪೆಟ್ಟು ಬಿತ್ತು; ಪುಸ್ತಕ ತಿನ್ನುವ ಬೆಳ್ಳಿ ಮೈಯ ಹುಳು ಕೆಳಗಿನ ಎಡಮೂಲೆಯಲ್ಲಿ ಅಕ್ಕಿ ಹಿಟ್ಟಿನ ಎಳೆಗಳನ್ನಷ್ಟೇ ಆರಿಸಿ ತಿಂದು, ಕೆಮ್ಮಣ್ಣನ್ನು ಮುಟ್ಟದೆ ಬಿಟ್ಟಿತ್ತು. ಇದನ್ನು ಬರೆದವರ ದೋಷವೆನ್ನಲಾರೆ. ಗೋಡೆಯ ಹಸೆಯನ್ನು ವರ್ಷಗಟ್ಟಲೆ ಉಳಿಯಲೆಂದು ಬರೆಯುವುದಿಲ್ಲ, ಮುಂದಿನ ಮದುವೆಗೆ ಗೋಡೆ ಬಳಿದು ಮತ್ತೆ ಬರೆಯುತ್ತಾರೆ. ಅದನ್ನೇ ಹಲಗೆಗೆ ತಂದು ಮಾರುವ ಮಳಿಗೆಯು ಫಲಕಕ್ಕೂ ಗೋಡೆಗೂ ನಡುವೆ ಗಾಳಿಯಾಡಲು ಅರ್ಧ ಇಂಚಿನ ಪಟ್ಟಿ ಹೊಡೆಸಿ, ಆಷಾಢದಲ್ಲಿ ಇಳಿಸಿಡಬೇಕು ಎಂಬ ಒಂದು ಸಾಲಿನ ಚೀಟಿ ಅಂಟಿಸಿದ್ದರೆ ಸಾಕಿತ್ತು. ಅಂಗಡಿಯಲ್ಲಿ ದುರಸ್ತಿಯ ವ್ಯವಸ್ಥೆ ಇಲ್ಲ. ಫಲಕವನ್ನು ಆ ಊರಿಗೇ ಒಯ್ದೆ. ಅವರು ಕಾಫಿ ಆರುವಷ್ಟರಲ್ಲಿ ಎಳೆಗಳನ್ನು ಸೇರಿಸಿಕೊಟ್ಟು, ಹಣ ತೆಗೆದುಕೊಳ್ಳಲು ಒಪ್ಪಲಿಲ್ಲ. ಹಳೆಯ ಎಳೆ ಎಲ್ಲಿ ನಿಂತಿತು, ಹೊಸದು ಎಲ್ಲಿ ಶುರುವಾಯಿತು ಎಂದು ನನಗೆ ಈಗ ಹುಡುಕಿದರೂ ಸಿಗುವುದಿಲ್ಲ.

ಇಷ್ಟಾದರೂ ಮಳಿಗೆಗೆ ಹೋಗಬೇಡಿ ಎನ್ನುವುದಿಲ್ಲ. ಅದಿಲ್ಲದಿದ್ದರೆ ನನಗೆ ಚೊಗರಿನ ಚಿತ್ರಕಾರರೂ ಸಿಗುತ್ತಿರಲಿಲ್ಲ, ಆ ಊರೂ ಸಿಗುತ್ತಿರಲಿಲ್ಲ. ಕಾರ್ಡುಗಳನ್ನೂ ಬುಟ್ಟಿಯನ್ನೂ ಕಣ್ಣುಮುಚ್ಚಿ ಕೊಳ್ಳಬಹುದು. ಫಲಕ ಕೊಳ್ಳುವುದಾದರೆ ಹಗಲಿನಲ್ಲಿ ಹೋಗಿ, ಕಿಟಕಿಯ ಬಳಿ ಹಿಡಿದು ಎಳೆ ನೋಡಿ, ಬರೆದವರು ಯಾರೆಂದು ಕೇಳಬೇಕು. ಮೊನ್ನೆ ಹೋದಾಗ ಅಂಗಡಿಯವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಉದ್ದ ಪುಸ್ತಕ ತೆಗೆದು ತೋರಿಸಿದರು. ಯಾವ ಸಂಖ್ಯೆಯ ಫಲಕ ಯಾರ ಕೈಯದು ಎಂಬುದು ಅದರಲ್ಲಿ ಹೆಸರು, ಊರಿನ ಸಮೇತ ಮೊದಲಿನಿಂದಲೂ ಬರೆದಿದೆ. ಫಲಕದ ಹಿಂದೆ ಬರೆಯಲು ಅವರಿಗೆ ಇನ್ನೂ ಮನಸ್ಸಿಲ್ಲ, ಕೇಳಿದವರಿಗೆ ಮಾತ್ರ ಓದಿ ಹೇಳುತ್ತಾರಂತೆ.