ಮ್ಯಾಪ್‌ನಲ್ಲಿ ಖಾಲಿ ಕಂಡ ಪ್ರದೇಶವನ್ನು ನಂಬುವ ಮೊದಲು ಲೆಕ್ಕ ತಾಳೆ ನೋಡಿ

ಡ್ಯಾಶ್‌ಬೋರ್ಡ್‌ನಲ್ಲಿ (ಡೇಟಾದ ಚಾರ್ಟ್‌ಗಳನ್ನು ಒಟ್ಟಿಗೆ ತೋರಿಸುವ ಪರದೆ) ಮ್ಯಾಪ್ ಹಾಕುವವರು ದಯವಿಟ್ಟು ಇದನ್ನು ಓದಿ. ನನ್ನ ಒಂದು ತಪ್ಪಿನಿಂದ ಒಂದಿಡೀ ಪ್ರದೇಶದ ಗ್ರಾಹಕರು ಎರಡು ತಿಂಗಳು ಸರ್ವಿಸ್ ಸಿಗದೆ ಪರದಾಡಿದರು.

ಯಾವ ಕಡೆಯಿಂದ ದೂರು ಹೆಚ್ಚು ಬರುತ್ತಿದೆ ಎಂದು ತೋರಿಸುವ ಮ್ಯಾಪ್ ಬೇಕಿತ್ತು. ಡೇಟಾದಲ್ಲಿ ಅಕ್ಷಾಂಶ, ರೇಖಾಂಶದ ಕಾಲಂಗಳಿದ್ದವು, ಆದರೆ ಎಷ್ಟೋ ಸಾಲುಗಳಲ್ಲಿ ಅವು ಖಾಲಿ. ಮುಂದೆ ಎಲ್ಲೂ ಎರರ್ ಬರದಿರಲಿ ಎಂದು ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿದೆ. ಕೆಲಸ ಕೆಟ್ಟದ್ದೇ ಅಲ್ಲಿ. 0 ಅಕ್ಷಾಂಶ, 0 ರೇಖಾಂಶ ಅಂದರೆ ‘ಗೊತ್ತಿಲ್ಲ’ ಎಂದಲ್ಲ, ಅದು ಆಫ್ರಿಕಾದ ಪಕ್ಕದ ಗಿನಿ ಕೊಲ್ಲಿಯಲ್ಲಿರುವ ಒಂದು ನಿಜವಾದ ಜಾಗ. ಮ್ಯಾಪ್ ಕೆಲಸದವರು ಅದನ್ನು ‘ನಲ್ ಐಲ್ಯಾಂಡ್’ ಎನ್ನುತ್ತಾರೆ. ಹೆಸರಿಗೆ ಮಾತ್ರ ದ್ವೀಪ, ಇರುವುದು ಬರೀ ನೀರು.

ಮ್ಯಾಪ್ ತೆರೆದಾಗ ಸಮುದ್ರದ ನಡುವೆ ಒಂದು ಚುಕ್ಕಿ ಕಂಡಿತು. ಮೀಟಿಂಗ್‌ಗೆ ಅರ್ಧ ಗಂಟೆಯೂ ಇರಲಿಲ್ಲ. ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಕ್ಲೂಡ್’ ಒತ್ತಿದೆ. ಚುಕ್ಕಿ ಮಾಯವಾಯಿತು, ಉಳಿದದ್ದೆಲ್ಲ ಅಚ್ಚುಕಟ್ಟಾಗಿ ಕಂಡಿತು. ಆ ಒಂದೇ ಚುಕ್ಕಿಯೊಳಗೆ ನೂರಾರು ದೂರುಗಳು ಒಂದರ ಮೇಲೊಂದು ಕೂತಿದ್ದವು. ಹೆಚ್ಚುಕಡಿಮೆ ಎಲ್ಲವೂ ಒಂದೇ ಪ್ರದೇಶದವು, ಏಕೆಂದರೆ ಅಲ್ಲಿನವರು ಬಳಸುತ್ತಿದ್ದ ಹಳೆಯ ಫಾರ್ಮ್‌ನಲ್ಲಿ ಲೊಕೇಶನ್ ತುಂಬಲು ಜಾಗವೇ ಇರಲಿಲ್ಲ. ‘ಇಲ್ಲಿ ತೊಂದರೆಯೇ ಇಲ್ಲವಲ್ಲ’ ಎಂದು ಮೇಲಿನವರು ಅಲ್ಲಿನ ತಂಡದ ಅರ್ಧ ಜನರನ್ನು ಬೇರೆ ಕಡೆ ಹಾಕಿದರು.

ಗೊತ್ತಾಗಿದ್ದು ಒಬ್ಬ ಗ್ರಾಹಕರ ದೂರಿನ ನಂಬರ್ ಹುಡುಕುವಾಗ. ಟೇಬಲ್‌ನಲ್ಲಿತ್ತು, ಮ್ಯಾಪ್‌ನಲ್ಲಿರಲಿಲ್ಲ. ಅಂದು ‘ಎಕ್ಸ್‌ಕ್ಲೂಡ್’ ಒತ್ತಿ ನಾನು ಹಾಕಿದ ಫಿಲ್ಟರ್ ಮ್ಯಾಪ್‌ಗೆ ಮಾತ್ರ ಅಂಟಿಕೊಂಡಿತ್ತು. ಬಾರ್ ಚಾರ್ಟ್ ಆಗಿದ್ದರೆ ಯಾರಾದರೂ ಮೊತ್ತ ಕೂಡಿ ನೋಡುತ್ತಿದ್ದರೇನೋ, ಮ್ಯಾಪ್‌ನ ಚುಕ್ಕಿಗಳನ್ನು ಯಾರು ಕೂಡುತ್ತಾರೆ? ಹಾಗಾಗಿ ಖಾಲಿಯನ್ನು ಖಾಲಿಯಾಗಿಯೇ ಬಿಡಿ. ಒಟ್ಟು ಸಾಲು ಎಷ್ಟು, ಅದರಲ್ಲಿ ಲೊಕೇಶನ್ ಇಲ್ಲದವು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಮ್ಯಾಪ್ ಪಕ್ಕದಲ್ಲೇ ದೊಡ್ಡದಾಗಿ ತೋರಿಸಿ. ಚಾರ್ಟ್, ಮ್ಯಾಪ್ ಮಾಡುವ ಟ್ಯಾಬ್ಲೋ ಸಾಫ್ಟ್‌ವೇರ್‌ನಲ್ಲಿ ಗುರುತಿಸಲಾಗದ ಜಾಗಗಳ ಲೆಕ್ಕ ಕೆಳಗೆ ಬಲ ಮೂಲೆಯಲ್ಲಿ ಸಣ್ಣದಾಗಿ ಬರುತ್ತದೆ. ಅದನ್ನು ಮರೆಮಾಡುವ ಮೊದಲು ಒಮ್ಮೆ ಕ್ಲಿಕ್ ಮಾಡಿ ನೋಡಿ.

ಬರೀ ಊರಿನ ಹೆಸರು ಕೊಟ್ಟು ಮ್ಯಾಪ್ ಮಾಡುವವರಿಗೆ ಅಪಾಯ ಇನ್ನೂ ಹೆಚ್ಚು. ಲಂಡನ್ ಇಂಗ್ಲೆಂಡಿನಲ್ಲೂ ಇದೆ, ಕೆನಡಾದ ಒಂಟಾರಿಯೋದಲ್ಲೂ ಇದೆ. ಹೈದರಾಬಾದ್ ಭಾರತದಲ್ಲೂ ಇದೆ, ಪಾಕಿಸ್ತಾನದಲ್ಲೂ ಇದೆ. ಜಾರ್ಜಿಯಾ ಒಂದು ದೇಶವೂ ಹೌದು, ಅಮೆರಿಕದ ರಾಜ್ಯವೂ ಹೌದು. ತಪ್ಪು ಊರಿಗೆ ಹೋಗಿ ಕೂತ ಸಾಲು ಎರರ್ ಅನ್ನೂ ಕೊಡುವುದಿಲ್ಲ, ಮೊತ್ತದಲ್ಲೂ ಸಿಕ್ಕಿಬೀಳುವುದಿಲ್ಲ. ಊರಿನ ಜೊತೆಗೆ ರಾಜ್ಯ, ದೇಶದ ಕಾಲಂಗಳನ್ನೂ ಕೊಡಲೇಬೇಕು.

ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಪವರ್ ಬಿಐ ಬಳಸುವವರು ಅಕ್ಷಾಂಶ, ರೇಖಾಂಶದ ಕಾಲಂಗಳಿಗೆ ‘ಡೋಂಟ್ ಸಮ್ಮರೈಸ್’ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಅವನ್ನೂ ಮಾರಾಟದ ಮೊತ್ತದಂತೆ ಕೂಡಿಬಿಡಬಹುದು. ಮ್ಯಾಪ್‌ನ ಜಾಗಗಳನ್ನು ಬರೆದಿಡುವ ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಆಮೇಲೆ ಬರುತ್ತದೆ, ಅದಲುಬದಲು ಮಾಡಿಕೊಳ್ಳಬೇಡಿ. ಅಕ್ಷಾಂಶ 90 ದಾಟುವುದೇ ಇಲ್ಲ, ದಾಟಿದ್ದು ಕಂಡರೆ ಅಲ್ಲೇ ನಿಲ್ಲಿಸಿ.

ಈಗ ಆ ತಂಡಕ್ಕೆ ಜನರನ್ನು ವಾಪಸ್ ಕೊಟ್ಟಿದ್ದಾರೆ. ಹಳೆಯ ಫಾರ್ಮ್‌ನ ಒಂದೊಂದು ಸಾಲಿಗೂ ವಿಳಾಸ ನೋಡಿ ಲೊಕೇಶನ್ ತುಂಬುತ್ತಿದ್ದೇನೆ, ಇನ್ನೂ ಮುಗಿದಿಲ್ಲ.